ಧರ್ಮಛತ್ರ ತಂಡದ ಹಳೇ ಆಯ್ಕೆಗಳು

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಬಡ್ಡಿ, ಖೋಖೋ, ಥ್ರೋಬಾಲ್ ಆಡಿಸಿ ಆಡಿಸಿ ನನ್ನ ಗಂಟಲು ದೊಡ್ಡದಾಗಿದೆ, ಸಿಟ್ಟು ಅದಕ್ಕಿಂತ ಒಂದು ಗೇಣು ಜಾಸ್ತಿ. ಫುಟ್‌ಬಾಲ್ ಮಾತ್ರ ನಾನು ಜನ್ಮದಲ್ಲಿ ಆಡಿದವಳಲ್ಲ. ತೂಬಗೆರೆ ಕಡೆಯ ನಮ್ಮ ಸ್ಕೂಲಿನಲ್ಲಿ ಚೆಂಡನ್ನ ಒಂದು ಸಲ ಜೋರಾಗಿ ಒದ್ದರೆ ಪಕ್ಕದ ರಾಗಿ ಹೊಲದಲ್ಲಿ ಬೀಳುತ್ತೆ, ಆ ಹೊಲದ ಯಜಮಾನಿ ಚೆಂಡು ವಾಪಸ್ಸು ಕೊಡೋ ಪೈಕಿ ಅಲ್ಲ. ಅಂಥ ನಾನು ಇಷ್ಟು ವರ್ಷದಿಂದ ಒಂದು ಫುಟ್‌ಬಾಲ್ ತಂಡ ನಡೆಸ್ತಿದ್ದೀನಿ ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ನಗ್ತಾರೆ. ನಗಲಿ ಬಿಡಿ.

ತಂಡ ಇರೋದು ಕಂಪ್ಯೂಟರಿನ ಒಳಗೆ. ಕೊರೊನಾ ಬಂದು ಶಾಲೆ ಮುಚ್ಚಿದಾಗ ನಮ್ಮ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು ಹೊತ್ತು ಹೋಗದೆ ಶುರು ಮಾಡಿದ ಲೀಗ್ ಅದು. ಆರು ತಂಡ. ಆಟ ನಾವು ಆಡಲ್ಲ, ಮಿಷಿನ್ನೇ ಆಡುತ್ತೆ. ಪರದೆ ಮೇಲೆ ಹಸಿರು ಮೈದಾನ, ಅದರಲ್ಲಿ ಓಡಾಡೋ ಬಣ್ಣದ ಚುಕ್ಕೆಗಳು, ಕೆಳಗಡೆ ಯಾರು ಗೋಲ್ ಹೊಡೆದ, ಯಾರು ಕಾಲು ಉಳುಕಿಸಿಕೊಂಡ ಅಂತ ಒಂದೊಂದೇ ಸಾಲು. ನಮ್ಮ ನಿಜವಾದ ಕೆಲಸ ವರ್ಷಕ್ಕೊಂದು ಸಲ, ಯುಗಾದಿ ಕಳೆದ ಮೇಲಿನ ಭಾನುವಾರ. ಅದಕ್ಕೊಂದು ವಾರ ಮುಂಚೆ ಮಿಷಿನ್ನು ಒಂದಷ್ಟು ಹೊಸ ಹುಡುಗರನ್ನ ಹುಟ್ಟಿಸುತ್ತೆ. ಅವರ ವಯಸ್ಸು, ಎತ್ತರ, ಓಟ ಎಷ್ಟು, ದಮ್ಮು ಎಷ್ಟು, ಒದೆತ ಎಷ್ಟು ಅಂತ ನಂಬರುಗಳನ್ನೂ ಅದೇ ಕೊಡುತ್ತೆ. ಆ ಭಾನುವಾರ ತಂಡದವರು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸ್ಕೋಬೇಕು, ಹೀಗೆ ಐದು ಸುತ್ತು. ಹಿಂದಿನ ವರ್ಷ ಕಡೇ ಸ್ಥಾನಕ್ಕೆ ಬಂದವರಿಗೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಅಂತಾರೆ. ನಮ್ಮ ಮಾವನಿಗೆ ಇದನ್ನ ಬಿಡಿಸಿ ಹೇಳಿದಾಗ, "ಓ, ವರ್ಷತೊಡಕಿನ ದಿನ ಗುಡ್ಡೆ ಬಾಡು ಹಂಚ್ಕೊಂಡಂಗೆ," ಅಂದ. ಯುಗಾದಿ ಮಾರನೇ ದಿನ ಮಾಂಸವನ್ನ ಗುಡ್ಡೆ ಹಾಕಿ ಸರದಿ ಮೇಲೆ ಪಾಲು ಎತ್ಕೊಳ್ಳೋದು ನಮ್ಮ ಕಡೆ ರೂಢಿ. ಅಷ್ಟೇ ಅರ್ಥ, ಅಷ್ಟೇ ಸಾಕು.

ಮಾವ ಅಂದರೆ ನಮ್ಮಮ್ಮನ ತಮ್ಮ, ನನ್ನ ಸೋದರಮಾವ. ಊರು ತೂಬಗೆರೆಗೆ ದೂರವಲ್ಲದ ನಮ್ಮ ಕಡೆಯ ವಿಜಯಪುರದ ಹತ್ತಿರ. ಬುದ್ಧಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿದವನು. ಮಂಡಿ ನೋವು ಜಾಸ್ತಿಯಾಗಿ, ಕೊರೊನಾ ಬರೋಕೆ ಸ್ವಲ್ಪ ಮುಂಚೆ, ಹುಳ ಸಾಕೋದು ಬಿಟ್ಟ. ಹಿಪ್ಪುನೇರಳೆ ಸೊಪ್ಪಿನ ತೋಟವನ್ನ ಪಕ್ಕದವರಿಗೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟ. ಹುಳದ ಮನೆ ಖಾಲಿಯಾಯ್ತು. ಉದ್ದಕ್ಕೆ, ತಣ್ಣಗೆ, ಎರಡೂ ಕಡೆ ಕಿಟಕಿ ಇರೋ ಮನೆ ಅದು. ದೂರ ದೂರ ಕೂರಬೇಕು ಅನ್ನೋ ಕಾಲವಾದ್ದರಿಂದ ಲೀಗಿನವರಿಗೆ ಅದಕ್ಕಿಂತ ಒಳ್ಳೇ ಜಾಗ ಸಿಕ್ತಿರಲಿಲ್ಲ. ನಾನೇ ಕೇಳಿದೆ, ಮಾವ ಹೂಂ ಅಂದ. ಮನೆ ಒಳಗಿನ ಟೀವಿ ಹೊತ್ತು ತಂದು ಹುಳದ ತಟ್ಟೆ ಜೋಡಿಸೋ ಸ್ಟ್ಯಾಂಡಿನ ಮೇಲೆ ಇಟ್ಟೆವು. ಮಾವ ಹಿಂದುಗಡೆ ಗೋಡೆಗೆ ಒರಗಿ ಕೂತ.

ಅವನು ಹಂಗೆ ಕೂತಿದ್ದು ನೋಡಿ ಅವನ ಹೆಂಡತಿ, ನಮ್ಮತ್ತೆ, ನನ್ನ ಕಿವಿಯಲ್ಲಿ, "ಹುಳ ಬಿಟ್ಟಾಗಿಂದ ಮಾತೇ ನಿಂತೋಗೈತೆ ಕಣೇ. ಬೆಳಿಗ್ಗೆ ಎದ್ದು ಈ ಮನೆ ಬಾಗ್ಲು ತೆಗೀತಾರೆ, ಖಾಲಿ ತಟ್ಟೆ ನೋಡ್ತಾರೆ, ಬಾಗ್ಲು ಹಾಕ್ಕೊಂಡು ಬರ್ತಾರೆ," ಅಂದಳು. ನಮ್ಮತ್ತೆ ಸುಮ್ಮನೆ ಮರುಗೋ ಹೆಂಗಸಲ್ಲ. ಅವಳ ಬಾಯಿಂದ ಆ ಮಾತು ಬಂತು ಅಂದರೆ ವಿಷಯ ಕೆಟ್ಟಿದೆ ಅಂತಲೇ ಅರ್ಥ.

ಮೊದಲ ವರ್ಷದ ಡ್ರಾಫ್ಟ್ ನಡೀತಿರುವಾಗ ಹಿಂದಿನಿಂದ ಮಾವನ ದನಿ ಬಂತು.

"ಮೇಷ್ಟ್ರೇ, ಎಲ್ರೂ ಆರಿಸ್ಕೊಂಡ ಮೇಲೆ ಉಳಿದೋರು ಏನಾಗ್ತಾರೆ?"

"ಡಿಲೀಟ್ ಯಜಮಾನ್ರೇ. ಈ ಬಟನ್ ಒತ್ತಿದ್ರೆ ಹೋಗ್ತಾರೆ."

"ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗೂ ಇಲ್ಲ. ಇರಲ್ಲ, ಅಷ್ಟೇ."

ಮಾವ ಎದ್ದು ಬಂದ. ಕನ್ನಡಕ ಹಾಕ್ಕೊಂಡು ಟೀವಿ ಹತ್ತಿರ ನಿಂತು ಆ ಹೆಸರುಗಳನ್ನ ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನ ಭುಜ ಮುಟ್ಟಿ, "ಲೇ, ಕಡೇ ಸುತ್ತಿನಲ್ಲಿ ಆ ತಳದಾಗಿರೋ ಹುಡುಗನ್ನ ನಮಗೆ ತಗೊಳೇ," ಅಂದ. ನಮಗೆ ಅಂದ. ಅದು ನನ್ನ ತಂಡವಾಗಿತ್ತು, ಆ ಒಂದು ಮಾತಿನಿಂದ ನಮ್ಮ ತಂಡ ಆಯ್ತು. ನಾನು ಆ ತಳದ ಹುಡುಗನನ್ನ ತಗೊಂಡೆ. ಪುಣ್ಯಾತ್ಮ ಮೊದಲ ಪಂದ್ಯ ಶುರುವಾಗೋ ಮುಂಚೆ, ಮೈ ಬಿಸಿ ಮಾಡ್ಕೊಳ್ಳುವಾಗಲೇ ಪಾದ ತಿರುಚಿಕೊಂಡು ಬಿದ್ದ. ಮಾವ ಮಾತ್ರ ಆವತ್ತು ಊಟಕ್ಕೆ ಕೂತಾಗ ಅತ್ತೆಗೆ ಇಡೀ ಆಟದ ವರದಿ ಒಪ್ಪಿಸಿದನಂತೆ.

ಇದು ಅವನಿಗೆ ಹೊಸ ಬುದ್ಧಿ ಏನಲ್ಲ. ರೇಷ್ಮೆ ಹುಳಗಳು ಎಲ್ಲ ಒಟ್ಟಿಗೆ ಹಣ್ಣಾಗಲ್ಲ. ಮುಕ್ಕಾಲು ಪಾಲು ಹುಳ ಗೂಡು ಕಟ್ಟೋಕೆ ರೆಡಿಯಾದಾಗ ಅವನ್ನ ಎತ್ತಿ ಚಂದ್ರಂಕಿ ಅನ್ನೋ ಬಿದಿರಿನ ತಟ್ಟಿ ಮೇಲೆ ಬಿಡ್ತಾರೆ. ಕೆಲವು ಮಾತ್ರ ಸಣ್ಣಗೆ, ಬೆಳ್ಳಗೆ, ಇನ್ನೂ ಸೊಪ್ಪು ಹುಡುಕ್ತಾ ತಟ್ಟೆಯಲ್ಲೇ ಉಳೀತವೆ. ಬುದ್ಧಿ ಇರೋರು ಅವನ್ನ ತಿಪ್ಪೆಗೆ ಎಸೀತಾರೆ. ನಮ್ಮ ಮಾವ ಅಂಥವಕ್ಕೇ ಅಂತ ಒಂದು ತಟ್ಟೆ ಬೇರೆ ಇಡ್ತಿದ್ದ, ಅವಕ್ಕೆ ಅಂತ ಮತ್ತೆ ಸೊಪ್ಪು ಕುಯ್ಯಕ್ಕೆ ಹೋಗ್ತಿದ್ದ. ಅದರಲ್ಲಿ ಅರ್ಧ ಸಾಯ್ತಿದ್ದವು. ಉಳಿದಿದ್ದು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆ ಹಂಗಿರ್ತಿತ್ತು, ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡ್ತಿರಲಿಲ್ಲ. "ಆ ತಟ್ಟೆಗೆ ಸುರಿದ ಸೊಪ್ಪಲ್ಲಿ ಎರಡು ಕುರಿ ಸಾಕ್ಬೋದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ," ಅಂತ ಅತ್ತೆ ಈಗಲೂ ಬೈತಾಳೆ. ಅವಳ ಮಾತು ತಪ್ಪಲ್ಲ.

ಮೊದಮೊದಲು ನಾವಿಬ್ಬರೂ ಒಂದು ಒಪ್ಪಂದ ಮಾಡ್ಕೊಂಡಿದ್ವಿ. ನಾಲ್ಕು ಸುತ್ತು ನಂದು, ಕಡೇ ಸುತ್ತು ಮಾವಂದು. ಆಮೇಲೆ ಮಾವ ನಾಲ್ಕನೇ ಸುತ್ತಿಗೂ ಕೈ ಹಾಕಿದ. "ಈ ಎಡಗಾಲಿನ ಹುಡುಗ ನೋಡೇ, ಪಾಪ, ದಮ್ಮು ಇಲ್ಲ ಅಂತ ಯಾರೂ ಮುಟ್ತಾ ಇಲ್ಲ." ಇನ್ನೊಂದು ವರ್ಷ ನಮ್ಮತ್ತೆಗಿಂತ ಕುಳ್ಳಗಿರೋ ಗೋಲ್‌ಕೀಪರ್ ಬಂದ. ಅವನು ಒಂದು ಪಂದ್ಯದಲ್ಲಿ ಐದು ಗೋಲ್ ಬಿಟ್ಟುಕೊಟ್ಟಾಗ ಮಾವ ಖುಷಿಯಾಗಿ, "ಐದೇ ಕಣೇ! ಹೋದ್ಸಲ ಏಳು ಹೋಗಿದ್ವು!" ಅಂದ. ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನೋದು ಸುಳ್ಳಲ್ಲ. ಸಾಲದ್ದಕ್ಕೆ, ತಂಡದಿಂದ ಬಿಟ್ಟ ಹುಡುಗರು ಮತ್ತೆ ಪಟ್ಟಿಗೆ ಹೋಗ್ತಾರೆ, ಅಲ್ಲೂ ಯಾರೂ ತಗೊಳ್ಳದಿದ್ದರೆ ಅಳಿಸಿ ಹೋಗ್ತಾರೆ ಅಂತ ಗೊತ್ತಾದ ಮೇಲೆ ಯಾರನ್ನೂ ಬಿಡೋಕೂ ಬಿಡಲಿಲ್ಲ. ಲೀಗಿನವರು ನಮ್ಮ ತಂಡಕ್ಕೆ ಧರ್ಮಛತ್ರ ಅಂತ ಹೆಸರಿಟ್ಟರು. ನನಗೆ ಮೈಯೆಲ್ಲ ಉರೀತು. ಮಾವ, "ಒಳ್ಳೇ ಹೆಸ್ರೇ ಅಲ್ವೇನಪ್ಪಾ," ಅಂತ ಒಪ್ಪಿಕೊಂಡುಬಿಟ್ಟ.

ನಾನೂ ಒಂದು ವಿಷಯದಲ್ಲಿ ಹಟಮಾರಿ, ಅದನ್ನ ಇಲ್ಲೇ ಹೇಳ್ತೀನಿ. ನಮ್ಮ ಸ್ಕೂಲಿನಲ್ಲಿ ಇಬ್ಬರು ಕ್ಯಾಪ್ಟನ್ನುಗಳನ್ನ ನಿಲ್ಲಿಸಿ, ನಂಗೆ ಇವನು, ನಂಗೆ ಅವಳು ಅಂತ ಆರಿಸಿಕೊಳ್ಳೋದನ್ನ ನಾನು ಬಿಡಲ್ಲ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ತಂಡ ಮಾಡ್ತೀನಿ. ಕ್ಯಾಪ್ಟನ್ನುಗಳು ಆರಿಸೋಕೆ ಶುರು ಮಾಡಿದರೆ ಕೊನೆಗೆ ಒಂದು ಮಗು ಉಳಿಯುತ್ತೆ. ಅದು ಅಳಲ್ಲ. ನಕ್ಕೊಂಡು ಲಂಗದ ಅಂಚನ್ನೋ ಅಂಗಿ ಗುಂಡಿಯನ್ನೋ ನೋಡ್ತಾ ನಿಂತಿರುತ್ತೆ. ಆ ಮುಖ ನೋಡೋಕೆ ನನ್ನ ಕೈಲಾಗಲ್ಲ. ಹೊಸದಾಗಿ ಬಂದ ಟೀಚರುಗಳು ಮೇಡಂದು ಅತಿ ಅಂತಾರೆ, ಅನ್ಲಿ.

ಎಲ್ಲ ಹಾಳಾಗಿದ್ದು ನನಗೆ ಚುನಾವಣೆ ಡ್ಯೂಟಿ ಬಿದ್ದ ವರ್ಷ. ಸರಿಯಾಗಿ ಡ್ರಾಫ್ಟ್ ದಿನವೇ ಟ್ರೈನಿಂಗ್. ಮಾವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಇಂಥವನ್ನ ತಗೋ, ಅವನಿಲ್ಲದಿದ್ದರೆ ಇಂಥವನ್ನ. ಮಾವ ಹೂಂ, ಹೂಂ ಅಂದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ನೋಡಿದರೆ ಮೇಷ್ಟ್ರು ನಮ್ಮ ಆಯ್ಕೆ ಕಳಿಸಿದ್ದರು. ಐದಕ್ಕೆ ಐದೂ ತಳದವರು. ಒಬ್ಬನಿಗೆ ಮಂಡಿ ಸರಿಯಿಲ್ಲ, ಒಬ್ಬನಿಗೆ ಓಟವಿಲ್ಲ, ಇನ್ನೊಬ್ಬ ಯಾವ ಜಾಗದಲ್ಲಿ ಆಡ್ತಾನೆ ಅನ್ನೋದು ಮಿಷಿನ್ನಿಗೇ ಗೊತ್ತಿಲ್ಲ. ಸಂಜೆ ಸ್ಕೂಟರ್ ಹತ್ತಿ ನೇರ ಮಾವನ ಮನೆಗೆ ಹೋದೆ, ಅಂಗಳದಲ್ಲೇ ಶುರು ಹಚ್ಚಿಕೊಂಡೆ.

"ಏನ್ ಮಾವ ಇದು? ನಾನೇನು ಹೇಳಿದ್ದೆ, ನೀನೇನು ಮಾಡಿದೀಯ?"

ಮಾವ ಸೊಪ್ಪಿನ ಕತ್ತಿ ಮಸೀತಿದ್ದ. ಸೊಪ್ಪು ಕುಯ್ಯೋ ಕೆಲಸ ಇಲ್ಲದಿದ್ದರೂ ಆ ಕತ್ತಿ ಮಸೀತಾನೇ ಇರ್ತಾನೆ.

"ಚೆನ್ನಾಗಿರೋರ್ನ ಹೆಂಗಿದ್ರೂ ಯಾರಾದ್ರೂ ತಗೋತಾರೆ ಕಣವ್ವ," ಅಂದ. "ಇವ್ರನ್ನ ಯಾರು ತಗೋತಾರೆ?"

ಇದಕ್ಕೆ ಏನಂತ ಬೈಯೋದು? ಆದರೂ ಬೈದೆ. ಬೈದು ಸುಸ್ತಾಗಿ ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಮನೆಗೆ ಬಂದೆ.

ಆ ವರ್ಷ ನಾವು ಕಡೇ ಸ್ಥಾನ. ಅದರ ಹಿಂದಿನ ವರ್ಷವೂ ಕಡೇ ಸ್ಥಾನವೇ. ಹಾಗಾಗಿ ಹೋದ ವರ್ಷ ಯುಗಾದಿ ಹತ್ತಿರ ಬರೋ ಹೊತ್ತಿಗೆ ಮೇಷ್ಟ್ರು ನನ್ನನ್ನ ಸ್ಟಾಫ್ ರೂಮಿನ ಮೂಲೆಗೆ ಕರೆದು ಮೆಲ್ಲಗೆ ಹೇಳಿದರು. ಸತತ ಎರಡು ಸಲ ಕಡೆಗೆ ಬಂದ ತಂಡ ಡ್ರಾಫ್ಟಿಗೆ ಮುಂಚೆ ತನ್ನ ಹಳೇ ಆಯ್ಕೆಗಳನ್ನೆಲ್ಲ ಎಲ್ಲರ ಮುಂದೆ ಓದಬೇಕು, ಯಾರು ಯಾಕೆ ತಗೊಂಡಿದ್ದು, ಈಗ ಅವರ ಸ್ಥಿತಿ ಏನು ಅಂತ. ಇದು ನಿಯಮ. ನಿಯಮದಲ್ಲಿ ಇಲ್ಲದ ಇನ್ನೊಂದು ಮಾತೂ ಇತ್ತು. "ಎಲ್ರೂ ಹೇಳ್ತಿದಾರೆ ಮೇಡಂ. ಇನ್ಮುಂದೆ ಒಂದು ತಂಡಕ್ಕೆ ಆರಿಸೋರು ಒಬ್ರೇ ಇರ್ಲಿ ಅಂತ. ನೀವೊಬ್ರೇ ಆರಿಸೋದಾದ್ರೆ ತಂಡ ಇರುತ್ತೆ. ಇಲ್ಲಾಂದ್ರೆ ಮುಚ್ಚೋಣ ಅಂತ."

ಅಂದರೆ ಮಾವನನ್ನ ಆಚೆ ಹಾಕೋದು. ಅವನದೇ ಹುಳದ ಮನೆಯಲ್ಲಿ ಕೂತುಕೊಂಡು.

ಕೋಪ ನೆತ್ತಿಗೇರಿತು. ಆದರೆ ಆ ರಾತ್ರಿ ಹಳೇ ಆಯ್ಕೆಗಳನ್ನೆಲ್ಲ ಬರೀತಾ ಕೂತಾಗ ಕೋಪಕ್ಕಿಂತ ಭಯ ಜಾಸ್ತಿಯಾಯ್ತು. ಮಾವ ಆರಿಸಿದವರಲ್ಲಿ ಒಬ್ಬನಾದರೂ ಉದ್ಧಾರ ಆಗಿದ್ದರೆ ತೋರಿಸಬಹುದಿತ್ತು. ಆಗಿರಲಿಲ್ಲ. ಕಥೆಗಳಲ್ಲಾದರೆ ಅಂಥವನೊಬ್ಬ ಕೊನೇ ನಿಮಿಷದಲ್ಲಿ ಗೋಲ್ ಹೊಡೀತಾನೆ. ನಮ್ಮವರು ಹೊಡೀಲಿಲ್ಲ. ಮಾವನ ಭಾನುವಾರ ಹೋದರೆ ಮತ್ತೆ ಆ ಖಾಲಿ ತಟ್ಟೆಗಳ ಮುಂದೆ ಬಂದು ನಿಲ್ತಾನೆ ಅಂತ ಅನಿಸಿತು.

ಆ ಭಾನುವಾರ ಬೆಳಿಗ್ಗೆ ಎಲ್ಲರೂ ಬಂದರು. ಮೇಷ್ಟ್ರು ಲ್ಯಾಪ್‌ಟಾಪಿನ ವೈರನ್ನ ಟೀವಿಗೆ ಸಿಕ್ಕಿಸಿದರು. ವಿಜಯಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರೋ ಸೋದರರಿಬ್ಬರು ಮುಂದಿನ ಚಾಪೆಯಲ್ಲಿ ಕೂತರು. ಮಿಕ್ಕವರು ಕಿಟಕಿ ಪಕ್ಕ. ಅತ್ತೆ ಮಾವಿನಕಾಯಿ ಚಿತ್ರಾನ್ನ ಕಲಸಿ ಪಾತ್ರೆ ತಂದಿಟ್ಟಳು. ಮಾವ ಎಂದಿನ ಹಾಗೆ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡು ನನ್ನ ಪಕ್ಕ ಕೂತ. ಅವನಿಗೆ ವಿಷಯ ನಾನು ಹೇಳಿರಲಿಲ್ಲ. ಹೇಗೆ ಹೇಳಲಿ?

ಈ ಸಲದ ಹೊಸ ಹುಡುಗರ ಪಟ್ಟಿ ವಾರದ ಮುಂಚೆಯೇ ಬಂದಿತ್ತು. ಅದರ ಮೇಲ್ತುದಿಯಲ್ಲಿ ಒಬ್ಬ ಮುಂಪಡೆಯ ಹುಡುಗ ಇದ್ದ. ಓಟ, ಒದೆತ, ದಮ್ಮು, ತಲೆ, ಎಲ್ಲ ಹಸಿರು ಬಣ್ಣ, ಅಂದರೆ ಎಲ್ಲದರಲ್ಲೂ ಮೇಲಿನ ನಂಬರು. ಇಂಥವನನ್ನ ಈ ಮಿಷಿನ್ನು ಇಲ್ಲಿಯವರೆಗೆ ಹುಟ್ಟಿಸಿಯೇ ಇರಲಿಲ್ಲ ಅಂತ ಮೇಷ್ಟ್ರೇ ಹೇಳಿದ್ದರು. ಕಡೇ ಸ್ಥಾನದವರಾದ್ದರಿಂದ ಮೊದಲ ಸರದಿ ನಮ್ಮದು. ನಾನು ವಾರವೆಲ್ಲ ಅವನನ್ನೇ ಧ್ಯಾನಿಸಿದ್ದೆ. ರಾಗಿ ಮುದ್ದೆ ತಿರುವುವಾಗಲೂ ಅವನು ಗೋಲ್ ಹೊಡೀತಿದ್ದ. ಮಾವನೂ, "ಈ ಸಲ ಅವನ್ನ ತಗೊಳೇ, ನಂಗೆ ಕಡೇದೊಂದು ಬಿಡು ಸಾಕು," ಅಂದಿದ್ದ.

ಮೊದಲು ಹಳೇ ಆಯ್ಕೆಗಳ ಓದು. ನಾನು ನಿಂತು ಓದಿದೆ, ಮೇಷ್ಟ್ರು ಒಂದೊಂದು ಹೆಸರಿನ ಮುಂದೆ ಈಗಿನ ಸ್ಥಿತಿ ಬರೆದುಕೊಂಡರು. ಮೊದಲ ವರ್ಷದ ನನ್ನ ಆಯ್ಕೆ, ನಡುವಿನ ಜಾಗದವನು, ಇನ್ನೂ ಆಡ್ತಿದ್ದಾನೆ. ಮಾವನ ಆಯ್ಕೆ, ಪಾದ ತಿರುಚಿದವನು, ಆಡ್ತಿಲ್ಲ. ಎರಡನೇ ವರ್ಷ ನಾನು ಎತ್ತರ ನೋಡಿ ಮರುಳಾಗಿ ತಗೊಂಡ ಕಂಬದಂಥವನು ಒಂದು ಸಲವೂ ತಲೆಗೆ ಚೆಂಡು ತಾಗಿಸಲಿಲ್ಲ, ಅದನ್ನೂ ಮುಚ್ಚಿಡದೆ ಓದಿದೆ. ಎಡಗಾಲಿನವನು, ಆಡ್ತಿಲ್ಲ. ಕುಳ್ಳ ಗೋಲ್‌ಕೀಪರ್, ಆಡ್ತಿಲ್ಲ. ಒಂದೊಂದು ಹೆಸರು ಬಂದಾಗಲೂ ಮಾವ ನಡುವೆ ಬಾಯಿ ಹಾಕ್ತಿದ್ದ. "ಅವ್ನ ಪಾದ ಈಗ ಹೆಂಗೈತೆ ಮೇಷ್ಟ್ರೇ?" "ಪಾಪ, ಅವ್ನು ಮೊದಲ್ನೇ ಪಂದ್ಯದಾಗೆ ಚೆನ್ನಾಗೇ ಓಡ್ದ." ನೆಂಟರ ಮಕ್ಕಳನ್ನ ವಿಚಾರಿಸಿದ ಹಾಗೆ. ಹಿಂದಿನ ವರ್ಷದ ಐದೂ ಜನರ ಮುಂದೆ ಆಡ್ತಿಲ್ಲ, ಆಡ್ತಿಲ್ಲ ಅಂತ ಓದುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಓದು ಮುಗಿದ ಮೇಲೆ ಮೆಡಿಕಲ್ ಸ್ಟೋರಿನ ಅಣ್ಣ ಗಂಟಲು ಸರಿ ಮಾಡಿಕೊಂಡರು. ಒಳ್ಳೇ ಮನುಷ್ಯ, ಅದನ್ನೂ ಹೇಳಬೇಕು. ಮಾವನ ಮಂಡಿಗೆ ಎಣ್ಣೆ ತಂದುಕೊಡೋರು ಅವರೇ.

"ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ತಂಡದ ಮೇಲೆ ಗೆದ್ರೆ ಗೆದ್ದಂಗೇ ಅನ್ಸಲ್ಲ. ಆಟ ಕೆಡ್ತಾ ಇದೆ. ಅದಕ್ಕೇ ಇನ್ಮೇಲೆ ಮೇಡಂ ಒಬ್ರೇ ಆರಿಸ್ಲಿ, ನೀವು ಆರಾಮಾಗಿ ಕೂತ್ಕೊಂಡು ನೋಡಿ."

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡಳು.

"ಏನ್ರಪ್ಪಾ, ನಮ್ಮನೆ ಹುಳದ ಮನೇಲಿ ಕೂತ್ಕೊಂಡು, ನಮ್ಮನೆ ಚಿತ್ರಾನ್ನ ತಿಂದ್ಕೊಂಡು, ನಮ್ಮ ಯಜಮಾನ್ರನ್ನೇ ಆಚೆ ಹಾಕ್ತೀರಾ?"

"ಅಯ್ಯೋ, ಆಚೆ ಅಲ್ಲಮ್ಮ..."

ಎಲ್ಲರೂ ಒಟ್ಟಿಗೆ ಮಾತಾಡೋಕೆ ಶುರು ಮಾಡಿದರು. ನಾನು ಚೀಲದಿಂದ ಸೀಟಿ ತೆಗೆದು ಊದಿದೆ. ಆ ಉದ್ದನೆ ಮನೆಯಲ್ಲಿ ಅದು ಎಷ್ಟು ಜೋರಾಗಿ ಕೇಳಿಸ್ತು ಅಂದರೆ ತೊಲೆ ಮೇಲಿದ್ದ ಗುಬ್ಬಿ ಹಾರಿಹೋಯ್ತು. ನಾನು ಬೈಯೋಕೆ ಬಾಯಿ ತೆಗೆಯೋ ಮುಂಚೆ ಮಾವ ಕೈಯೆತ್ತಿದ.

"ಅವ್ರು ಹೇಳೋದು ಸರಿ ಐತೆ ಬಿಡೇ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯೋಕಾಗಲಿಲ್ಲ. "ಆಟ ಅಂದ್ಮೇಲೆ ಆಟ. ಮೇಷ್ಟ್ರೇ, ಒಂದು ಕೆಲ್ಸ ಮಾಡಿ. ತಂಡದಿಂದ ಬಿಟ್ಟೋನು ಪಟ್ಟಿಗೆ ಬರ್ತಾನಲ್ವಾ? ನನ್ನೂ ಆ ಪಟ್ಟಿಗೆ ಹಾಕಿ. ಯಾರಿಗಾದ್ರೂ ಬೇಕಾದ್ರೆ ತಗೊಳ್ಳಿ. ಬ್ಯಾಡಾಂದ್ರೆ ಕಡೇಲಿ ಆ ಬಟನ್ ಒತ್ತಿ."

ಕಿಟಕಿ ಪಕ್ಕದವರು ನಕ್ಕರು. ಮೇಷ್ಟ್ರೂ ನಕ್ಕರು, ಮಾತು ಹಗುರವಾಯ್ತಲ್ಲ ಅನ್ನೋ ಸಮಾಧಾನಕ್ಕೆ. ಮಿಷಿನ್ನಿನಲ್ಲಿ ಕೈಯಾರೆ ಹೆಸರು ಸೇರಿಸೋ ಅವಕಾಶವೂ ಇತ್ತು. ಅವರು ಮಾವನ ಹೆಸರು ಹೊಡೆದರು. ವಯಸ್ಸು ನಿಜವಾದದ್ದು ಹೊಡೆದರೆ ಮಿಷಿನ್ನು ಒಪ್ಪಲಿಲ್ಲ, ನಲವತ್ತರ ಮೇಲೆ ತಗೊಳ್ಳಲ್ಲ ಅಂತು. ಸರಿ, ನಲವತ್ತು ಅಂತ ಹಾಕಿದರು.

"ನಲವತ್ತಾ!" ಅಂದಳು ಅತ್ತೆ. "ಹಂಗಾದ್ರೆ ನನ್ನ ಮದ್ವೆ ಆದಾಗ ಇನ್ನೂ ಹುಟ್ಟೇ ಇರ್ಲಿಲ್ಲ ಅನ್ನಿ."

"ದಮ್ಮು ಎಷ್ಟು ಹಾಕ್ಲಿ ಯಜಮಾನ್ರೇ?"

"ಇರೋದ್ ಹಾಕಪ್ಪ. ಮೂರು ಮೆಟ್ಲು ಹತ್ತೋವಷ್ಟು."

ಎಲ್ಲ ಹಾಕಿ ಬಟನ್ ಒತ್ತಿದ ಮೇಲೆ ಪಟ್ಟಿ ಹೊಸದಾಗಿ ಬಂತು. ಮಿಷಿನ್ನು ನಂಬರು ನೋಡಿ ಜೋಡಿಸುತ್ತೆ. ತುದಿಯಲ್ಲಿ ಆ ಹಸಿರು ಹುಡುಗ. ಕೆಳಗೆ, ಇನ್ನೂ ಕೆಳಗೆ, ಮಂಡಿ ಸರಿಯಿಲ್ಲದವರು, ಓಟವಿಲ್ಲದವರು, ಅವರೆಲ್ಲರಿಗಿಂತ ಕೆಳಗೆ ತಳದಲ್ಲಿ ನಮ್ಮ ಮಾವ.

"ಮೇಡಂ, ಮೊದಲ ಸರದಿ ನಿಮ್ಮದು," ಅಂದರು ಮೇಷ್ಟ್ರು.

ಎಲ್ಲರಿಗೂ ಗೊತ್ತಿತ್ತು ನಾನು ಯಾರನ್ನ ತಗೋತೀನಿ ಅಂತ. ಆ ಹುಡುಗನನ್ನ ತಗೊಂಡು, ಕಡೇ ಸುತ್ತಿನಲ್ಲಿ ಮಾವನನ್ನ ತಗೊಂಡರೆ ಆಯ್ತು. ಮಧ್ಯದಲ್ಲಿ ಬೇರೆ ಯಾರೂ ಅವನನ್ನ ಮುಟ್ಟಲ್ಲ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಮಾವನೇ ಕಿವಿಯಲ್ಲಿ, "ಅವನ್ನ ಹೇಳು, ನಂದು ಆಮೇಲೆ ನೋಡಾನ," ಅಂದ. ನಾನು ಬಾಯಿ ತೆಗೆದು ಪಕ್ಕಕ್ಕೆ ನೋಡಿದೆ. ಮಾವ ಟೀವಿಯ ತಳದಲ್ಲಿದ್ದ ತನ್ನ ಹೆಸರನ್ನ ನೋಡ್ತಿದ್ದ. ನಗ್ತಿದ್ದ. ನಕ್ಕೊಂಡು ಇಸ್ತ್ರಿ ಅಂಗಿಯ ಕೆಳಗಿನ ಗುಂಡಿಯನ್ನ ಬೆರಳಲ್ಲಿ ತಿರುಗಿಸ್ತಿದ್ದ.

"ಮೊದಲ ಸುತ್ತು, ಮೊದಲ ಆಯ್ಕೆ," ಅಂದೆ. "ನಮ್ಮ ಮಾವ."

ಮೇಷ್ಟ್ರು ಕೀಬೋರ್ಡಿನ ಮೇಲೆ ಕೈ ಇಟ್ಟವರು ಹಾಗೇ ಇದ್ದರು. "ಮೇಡಂ, ಕಡೇ ಸುತ್ತಲ್ಲಿ ತಗೋಬಹುದಲ್ಲ..."

"ಕಡೇ ಸುತ್ತಲ್ಲಿ ಅಲ್ಲ ಮೇಷ್ಟ್ರೇ. ಮೊದಲ ಸುತ್ತಲ್ಲಿ. ಹೊಡೀರಿ."

ಮಾವನಿಗೆ ಬಂತು ನೋಡಿ ಸಿಟ್ಟು! ನಮ್ಮ ವಂಶದ ಸಿಟ್ಟು ಅವನಲ್ಲೂ ಇದೆ ಅಂತ ಆವತ್ತೇ ನನಗೆ ಗೊತ್ತಾಗಿದ್ದು. "ಲೇ, ತಲೆಗಿಲೆ ಕೆಟ್ಟೈತಾ ನಿಂಗೆ? ಅಂಥ ಹುಡುಗನ್ನ ಬಿಟ್ಬಿಟ್ಟಲ್ಲೇ! ಕೈಗೆ ಬಂದ ತುತ್ತು! ಇಂಥ ಆಯ್ಕೆ ಯಾರಾನಾ ಮಾಡ್ತಾರಾ?" ಇಷ್ಟು ವರ್ಷ ನಾನು ಅವನಿಗೆ ಬೈದ ಬೈಗುಳವನ್ನೆಲ್ಲ ಒಂದೇ ಉಸಿರಿನಲ್ಲಿ ನನಗೆ ವಾಪಸ್ಸು ಕೊಟ್ಟ. ನಾನು ಸುಮ್ಮನೆ ಕೂತು ಬೈಸಿಕೊಂಡೆ. ಬೈದು ಮುಗಿದ ಮೇಲೆ ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ, ಒರೆಸಿಕೊಳ್ಳೋದು ಸ್ವಲ್ಪ ಹೊತ್ತು ಹಿಡೀತು. ಅತ್ತೆ ಎಲ್ಲರಿಗೂ ಮತ್ತೊಂದು ಸುತ್ತು ಚಿತ್ರಾನ್ನ ಬ‌ಡಿಸಿದಳು, ಬೇಡ ಅಂದವರಿಗೂ.

ಆ ಹುಡುಗ ಎರಡನೇ ಸರದಿಯ ಮೆಡಿಕಲ್ ಸ್ಟೋರಿನವರ ಪಾಲಾದ. ಸಂಕೋಚ ಪಟ್ಟುಕೊಂಡೇ ತಗೊಂಡರು, ಆದರೆ ತಗೊಂಡರು. ಕಡೇ ಸುತ್ತು ಬಂದಾಗ ನಾನು, "ಮಾವ, ಇದು ನಿಂದು," ಅಂದೆ. ಒಬ್ಬರೇ ಆರಿಸಬೇಕು ಅನ್ನೋ ಮಾತನ್ನ ಯಾರೂ ಎತ್ತಲಿಲ್ಲ. ಮಾವ ಮುಖ ಗಂಟಿಕ್ಕಿಕೊಂಡೇ ಎದ್ದ, ಕನ್ನಡಕ ಹಾಕ್ಕೊಂಡ, ಟೀವಿ ಹತ್ತಿರ ಹೋಗಿ ಉಳಿದವರನ್ನೆಲ್ಲ ನಿಧಾನವಾಗಿ ನೋಡಿದ. ಆಮೇಲೆ ತಳದಲ್ಲಿದ್ದ ಒಬ್ಬನ ಮೇಲೆ ಬೆರಳಿಟ್ಟ.

ಆ ವರ್ಷ ನಾವು ಮತ್ತೆ ಕಡೇ ಸ್ಥಾನ. ಆ ಹಸಿರು ಹುಡುಗ ನಮ್ಮ ಮೇಲೆ ಎಷ್ಟು ಗೋಲ್ ಹೊಡೆದ ಅಂತ ನಾನು ಲೆಕ್ಕ ಇಟ್ಟಿಲ್ಲ. ಅವನು ಹೊಡೆದಾಗಲೆಲ್ಲ ಮಾವ ನನ್ನ ಕಡೆ ತಿರುಗಿ, "ನೋಡ್ದಾ?" ಅಂತಿದ್ದ. ಇಡೀ ವರ್ಷ ಅದನ್ನ ಆಡಿಕೊಂಡ. ಹುಳದ ಮನೆ ಬಾಗಿಲು ಮಾತ್ರ ಈಗ ಬೆಳಿಗ್ಗೆ ತೆರೆದರೆ ಸಂಜೆವರೆಗೂ ತೆರೆದೇ ಇರುತ್ತೆ. ಅಲ್ಲೇ ಚಾಪೆ ಹಾಕ್ಕೊಂಡು ಪೇಪರ್ ಓದ್ತಾನೆ, ಬಂದವರಿಗೆಲ್ಲ ತಂಡದ ವಿಷಯ ಹೇಳ್ತಾನೆ ಅಂತ ಅತ್ತೆಯ ದೂರು.

ಮೊನ್ನೆ ಯುಗಾದಿ ಕಳೆದ ಮೇಲೆ ಮತ್ತೆ ಸೇರಿದ್ವಿ. ನಿಯಮ ಅಂದ ಮೇಲೆ ನಿಯಮ, ಮತ್ತೆ ಹಳೇ ಆಯ್ಕೆಗಳನ್ನ ಓದಬೇಕಿತ್ತು. ಈ ಸಲ ಸ್ಕೂಲಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕೂತಿದ್ದರಿಂದ ಮೇಷ್ಟ್ರೇ ಓದಿದರು. ಹಳಬರೆಲ್ಲ ಮುಗಿದು ಹೋದ ವರ್ಷಕ್ಕೆ ಬಂದರು. ಮೊದಲ ಸುತ್ತು, ಮೊದಲ ಆಯ್ಕೆ ಅಂತ ಮಾವನ ಹೆಸರು ಓದಿದರು. ಆಡಿದ ಪಂದ್ಯ, ಇಲ್ಲ. ಗೋಲು, ಇಲ್ಲ. ಗಾಯ, ಮಂಡಿ. ಈಗಿನ ಸ್ಥಿತಿ ಅನ್ನೋ ಕಡೆ ಬಂದು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಮಾವ ಕಿಟಕಿ ಪಕ್ಕ ಕೂತು ಈ ವರ್ಷದ ಪಟ್ಟಿಯನ್ನ ತಳದಿಂದ ಮೇಲಕ್ಕೆ ಓದ್ತಿದ್ದ. ತಲೆ ಎತ್ತಲಿಲ್ಲ.

"ಆಡ್ತಾ ಅವ್ನೆ ಅಂತ ಬರ್ಕೊಳಪ್ಪ," ಅಂದ.

ಮೇಷ್ಟ್ರು ಹಾಗೇ ಬರೆದುಕೊಂಡರು.